ಮನೆಯಂಗಳದ ಹಕ್ಕಿಗಳು ಮತ್ತು ವನ್ಯಜೀವಿಗಳು: ಗುರುತಿಸುವ ಕ್ರಮ ಹಾಗೂ ಸಾರ್ವಜನಿಕರಿಗೆ ಮಾಹಿತಿ

ಕರ್ನಾಟಕದಲ್ಲಿ ಈವರೆಗೆ 500ಕ್ಕೂ ಹೆಚ್ಚು ಪ್ರಭೇದದ ಹಕ್ಕಿಗಳು ದಾಖಲಾಗಿವೆ. ಇವುಗಳಲ್ಲಿ ಅನೇಕವು ಪಶ್ಚಿಮ ಘಟ್ಟದ ಕಾಡುಗಳಿಗೆ, ಕೆರೆ ಮತ್ತು ಜೌಗು ಪ್ರದೇಶಗಳಿಗೆ ಅಥವಾ ಬಯಲುಸೀಮೆಯ ಹುಲ್ಲುಗಾವಲುಗಳಿಗೆ ಸೀಮಿತವಾಗಿವೆ. ಉಳಿದವುಗಳಲ್ಲಿ ಹಲವು ಮನುಷ್ಯರ ವಸತಿಯ ಸಮೀಪದಲ್ಲಿಯೇ, ಅಂದರೆ ಹಿತ್ತಲು, ಕೈತೋಟ, ಬೀದಿ ಬದಿಯ ಸಾಲುಮರ ಹಾಗೂ ಮಹಡಿಯ ಮೇಲಿನ ಹೂಕುಂಡಗಳಲ್ಲಿ ಆಹಾರ ಮತ್ತು ಆಶ್ರಯವನ್ನು ಕಂಡುಕೊಂಡಿವೆ.

ಇವುಗಳ ಸಂಬಂಧದಲ್ಲಿ ನಾಗರಿಕರು ಅರಣ್ಯ ಕಚೇರಿಗಳನ್ನು ಸಂಪರ್ಕಿಸುವ ಸಂದರ್ಭಗಳು ಮುಖ್ಯವಾಗಿ ನಾಲ್ಕು: ಹಕ್ಕಿಮರಿಯೊಂದು ಅಂಗಳದಲ್ಲಿ ಬಿದ್ದಿರುವುದು, ಗಾಯಗೊಂಡ ಹಕ್ಕಿ ದೊರೆತಿರುವುದು, ಹಾವು ಕಾಣಿಸಿಕೊಂಡಿರುವುದು ಹಾಗೂ ಕಡಿಯಬೇಕೆಂದಿರುವ ಮರದಲ್ಲಿ ಗೂಡು ಇರುವುದು. ಈ ನಾಲ್ಕರಲ್ಲಿಯೂ ಮುಂದೆ ಏನು ಮಾಡಬೇಕೆಂಬುದು ಎದುರಿಗಿರುವ ಜೀವಿ ಯಾವುದು ಮತ್ತು ಅದು ಬೆಳವಣಿಗೆಯ ಯಾವ ಹಂತದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆ. ತಾಯ್ತಂದೆಯರ ಆರೈಕೆಯಲ್ಲಿಯೇ ಇರುವ ಮರಿಯನ್ನು ಅನಾಥವೆಂದು ಭಾವಿಸಿ ಎತ್ತಿಕೊಂಡು ಹೋದಲ್ಲಿ ಅದು ನಿಜವಾಗಿಯೂ ಅನಾಥವಾಗುತ್ತದೆ. ವಿಷರಹಿತವಾದ ಕೇರೆ ಹಾವನ್ನು ನಾಗರಹಾವೆಂದು ತಿಳಿದು ಕೊಂದಲ್ಲಿ ಆ ಮನೆಯ ಸುತ್ತಲಿನ ಇಲಿಗಳಿಗೆ ಮಾತ್ರ ಉಪಕಾರವಾಗುತ್ತದೆ. ಆದುದರಿಂದ ದೂರು ಅಥವಾ ಅರ್ಜಿಯನ್ನು ಸಲ್ಲಿಸುವ ಮುನ್ನ ಈ ಕೆಳಗಿನ ಮಾಹಿತಿಯನ್ನು ಗಮನಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

ಗುರುತಿಸುವ ಕ್ರಮ

ಹಕ್ಕಿಯನ್ನು ಕಂಡೊಡನೆ ಅದರ ಬಣ್ಣವನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳುವುದು ಸಾಮಾನ್ಯ ರೂಢಿ. ಆದರೆ ಬಣ್ಣವು ಬೆಳಕಿಗೆ ತಕ್ಕಂತೆ ಬೇರೆಯಾಗಿ ತೋರುತ್ತದೆ. ಗಂಡು ಹೆಣ್ಣುಗಳಲ್ಲಿ, ಮರಿ ಮತ್ತು ಪ್ರೌಢ ಹಕ್ಕಿಗಳಲ್ಲಿ ವ್ಯತ್ಯಾಸವಾಗುತ್ತದೆ. ಮೊದಲು ಗಮನಿಸಬೇಕಾದುದು ಗಾತ್ರ. ಇದಕ್ಕೆ ಎಲ್ಲರಿಗೂ ಪರಿಚಿತವಾದ ಹಕ್ಕಿಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಗುಬ್ಬಚ್ಚಿ ಸುಮಾರು 15 ಸೆಂ.ಮೀ., ಪಿಕಳಾರ 20 ಸೆಂ.ಮೀ., ಗೊರವಂಕ 23 ಸೆಂ.ಮೀ., ಪಾರಿವಾಳ 33 ಸೆಂ.ಮೀ., ಕಾಗೆ 43 ಸೆಂ.ಮೀ. ಮತ್ತು ಹದ್ದು 60 ಸೆಂ.ಮೀ. ಉದ್ದವಿರುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರು ಭಾರತದ ಹಕ್ಕಿಗಳನ್ನು ಕುರಿತ ತಮ್ಮ ಪ್ರಸಿದ್ಧ ಕೈಪಿಡಿಯಲ್ಲಿ ಬಳಸಿರುವ ಕ್ರಮವೂ ಇದೇ ಆಗಿದೆ. "ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು" ಎಂದು ದೂರವಾಣಿಯಲ್ಲಿ ತಿಳಿಸಿದರೆ, "ಕಂದು ಬಣ್ಣದ ಸಣ್ಣ ಹಕ್ಕಿ" ಎಂಬ ವರ್ಣನೆಗಿಂತ ಸಿಬ್ಬಂದಿಗೆ ಹೆಚ್ಚು ಸಹಾಯವಾಗುತ್ತದೆ.

ನಂತರ ಕೊಕ್ಕನ್ನು ನೋಡಬೇಕು. ಗುಬ್ಬಚ್ಚಿ ಮತ್ತು ರಾಟವಾಳಗಳ ದಪ್ಪನೆಯ ಮೋಟು ಕೊಕ್ಕು ಕಾಳು ಒಡೆಯುವುದಕ್ಕೆ. ಸೂರಕ್ಕಿಯ ತೆಳುವಾದ ಬಾಗಿದ ಕೊಕ್ಕು ಹೂವಿನ ಮಕರಂದ ಹೀರುವುದಕ್ಕೆ. ಬಿಜ್ಜು, ಹದ್ದು, ಗೂಬೆಗಳ ಕೊಕ್ಕೆಯಂತಹ ಕೊಕ್ಕು ಮಾಂಸ ಹರಿಯುವುದಕ್ಕೆ. ಬಾಲದ ಉದ್ದ ಮತ್ತು ಆಕಾರ, ಹಕ್ಕಿ ಕುಳಿತ ಎತ್ತರ, ನೆಲದ ಮೇಲಿನ ಚಲನೆ ಇವೂ ಮುಖ್ಯ. ಗುಬ್ಬಚ್ಚಿ ಎರಡೂ ಕಾಲುಗಳನ್ನು ಜೋಡಿಸಿ ಕುಪ್ಪಳಿಸುತ್ತದೆ. ಗೊರವಂಕ ಒಂದೊಂದೇ ಹೆಜ್ಜೆಯಿಟ್ಟು ನಡೆಯುತ್ತದೆ. ಸಿಪಿಲೆ ಬಾಲವನ್ನು ಬಿಡದೆ ಮೇಲೆ ಕೆಳಗೆ ಆಡಿಸುತ್ತದೆ. ಎಲೆಗಳ ಮರೆಯಲ್ಲಿರುವ ಹಕ್ಕಿಯನ್ನು ಕೂಗಿನಿಂದಲೇ ತಿಳಿಯಬೇಕಾಗುತ್ತದೆ. ಸೂರ್ಯೋದಯದಿಂದ ಎರಡು ಗಂಟೆಯವರೆಗಿನ ಅವಧಿ ವೀಕ್ಷಣೆಗೆ ಅತ್ಯಂತ ಸೂಕ್ತವಾದುದು.

ಹಕ್ಕಿಗಳ ಕನ್ನಡ ಹೆಸರುಗಳು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು. ಹದ್ದು, ಗಿಡುಗ, ಗರುಡ ಎಂಬ ಹೆಸರುಗಳನ್ನು ಜನರು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತಾರೆ. ನಗರಗಳ ಮೇಲೆ ಗುಂಪಾಗಿ ಸುತ್ತುವ, ಕಡುಕಂದು ಮೈಯ ಹಾಗೂ ತುದಿಯಲ್ಲಿ ತುಸು ಕವಲೊಡೆದ ಬಾಲದ ಹಕ್ಕಿಯು ಸಾಮಾನ್ಯ ಹದ್ದು. ಇಟ್ಟಿಗೆ ಕೆಂಪಿನ ಮೈ, ಬಿಳಿಯ ತಲೆ ಮತ್ತು ಎದೆಯುಳ್ಳದ್ದು ಗರುಡ. ಪಾರಿವಾಳದಷ್ಟೇ ಗಾತ್ರದ, ಬೂದುಬಣ್ಣದ ಬೆನ್ನಿನ, ಅಳಿಲು ಮತ್ತು ಓತಿಕ್ಯಾತಗಳ ಮೇಲೆ ಎರಗುವ ಬೇಟೆಹಕ್ಕಿಯು ಬಿಜ್ಜು. ಹೆಸರಿನ ಬಗ್ಗೆ ಸಂಶಯವಿದ್ದಲ್ಲಿ ಮೊಬೈಲ್ ದೂರವಾಣಿಯಲ್ಲಿ ದೂರದಿಂದ ತೆಗೆದ ಒಂದು ಚಿತ್ರವು ಹತ್ತು ಹೆಸರುಗಳಿಗಿಂತ ಉಪಯುಕ್ತ.

ಒಂದಕ್ಕೊಂದು ಬೆರೆಯುವ ಕಪ್ಪು ಹಕ್ಕಿಗಳು

ಅಂಗಳದಲ್ಲಿ ಕಾಣುವ ಕಪ್ಪು ಹಕ್ಕಿಗಳೆಲ್ಲವೂ ಕಾಗೆಗಳಲ್ಲ. ಕಾಗೆಗಳಲ್ಲಿಯೇ ಎರಡು ಬಗೆ. ಕುತ್ತಿಗೆಯ ಸುತ್ತ ಬೂದುಬಣ್ಣವಿರುವುದು ಊರುಕಾಗೆ. ಪೂರ್ತಿ ಕಪ್ಪಾಗಿದ್ದು ದಪ್ಪ ಕೊಕ್ಕು ಉಳ್ಳದ್ದು ಕಾಡುಕಾಗೆ. ಹೆಸರು ಕಾಡುಕಾಗೆಯಾದರೂ ಮರಗಳಿರುವ ಬಡಾವಣೆಗಳಲ್ಲಿ ಇದು ವಿರಳವಲ್ಲ.

ಕೋಗಿಲೆಯ ಗಂಡು ಹೊಳೆಯುವ ಕಪ್ಪು ಬಣ್ಣದ್ದು. ಕಣ್ಣು ಕೆಂಪು, ಕೊಕ್ಕು ಮಾಸಲು ಹಸಿರು. ಹೆಣ್ಣು ಕಂದುಬಣ್ಣದ್ದಾಗಿದ್ದು ಮೈತುಂಬ ಬಿಳಿಯ ಚುಕ್ಕೆ ಮತ್ತು ಪಟ್ಟೆಗಳಿರುತ್ತವೆ. ಇವೆರಡನ್ನು ಬೇರೆ ಬೇರೆ ಹಕ್ಕಿಗಳೆಂದು ತಿಳಿದಿರುವವರು ಬಹಳ. ವಸಂತದಲ್ಲಿ ಏರುದನಿಯಲ್ಲಿ ಕೂಗುವುದು ಗಂಡು ಕೋಗಿಲೆ. ಹೆಣ್ಣಿನದು ಕಿಕ್ ಕಿಕ್ ಎಂಬ ಅವಸರದ ಸದ್ದು. ಕೋಗಿಲೆಯು ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಗೂಡಿನಿಂದ ಹೊರಬಂದ ಕೋಗಿಲೆ ಮರಿಯು ಕೆಲವು ಕಾಲ ಕಾಗೆಯ ಹಿಂದೆಯೇ ಬಾಯಿ ತೆರೆದು ಅಲೆಯುತ್ತದೆ, ಕಾಗೆಯೂ ಉಣಿಸುತ್ತದೆ. ಬೇಸಿಗೆಯ ಕೊನೆಯಲ್ಲಿ ಹಾಗೂ ಮಳೆಗಾಲದ ಆರಂಭದಲ್ಲಿ "ಕಾಗೆಗಳು ಯಾವುದೋ ಹಕ್ಕಿಯನ್ನು ಮುತ್ತಿಕೊಂಡಿವೆ" ಎಂಬ ದೂರು ಬಂದಾಗ ಅದು ಈ ಮರಿಯೂ ಆಗಿರಬಹುದು, ಕಾಗೆಗಳು ಓಡಿಸುತ್ತಿರುವ ಪ್ರೌಢ ಕೋಗಿಲೆಯೂ ಆಗಿರಬಹುದು. ಒಂದು ಕಾಗೆ ಮಾತ್ರ ಅದರ ಬಾಯಿಗೆ ಕೊಕ್ಕು ಇಡುತ್ತಿದ್ದರೆ ಅದು ಉಣಿಸುವ ಕಾಗೆ. ಅಲ್ಲಿ ರಕ್ಷಣೆಯ ಅಗತ್ಯವಿಲ್ಲ.

ಕೆಂಬೂತವು ಕಾಗೆಯಷ್ಟು ದೊಡ್ಡದು. ಮೈ ಕಪ್ಪು, ರೆಕ್ಕೆಗಳು ಇಟ್ಟಿಗೆ ಕೆಂಪು, ಕಣ್ಣು ಕೆಂಪು, ಬಾಲ ಉದ್ದ. ಹಾರುವುದಕ್ಕಿಂತ ಬೇಲಿಯ ಬುಡದಲ್ಲಿ ನಡೆಯುವುದೇ ಹೆಚ್ಚು. ಬಸವನಹುಳು, ಕೀಟ, ಓತಿಕ್ಯಾತಗಳನ್ನು ಹಿಡಿಯುವುದರಿಂದ ತೋಟಕ್ಕೆ ಉಪಕಾರಿ. ಇತರ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ತಿನ್ನುವುದರಿಂದ ಎಲ್ಲರಿಗೂ ಪ್ರಿಯವಲ್ಲ. ಕಾಜಾಣವನ್ನು ಗುರುತಿಸುವುದು ಸುಲಭ: ತಂತಿಯ ಮೇಲೆ ನೇರವಾಗಿ ಕುಳಿತ, ಮೀನಿನ ಬಾಲದಂತೆ ಆಳವಾಗಿ ಕವಲೊಡೆದ ಬಾಲದ ಈ ಹಕ್ಕಿಯು ತನ್ನ ಗೂಡಿನ ಬಳಿ ಬಂದ ಹದ್ದನ್ನೂ ಅಟ್ಟುತ್ತದೆ. ಕಪ್ಪು ಬಿಳುಪು ಬಣ್ಣದ, ಮುಂಜಾವಿನಲ್ಲಿ ಆಂಟೆನಾ ಅಥವಾ ಮಾಳಿಗೆಯ ತುದಿಯಲ್ಲಿ ಕುಳಿತು ಇಂಪಾಗಿ ಹಾಡುವ ಹಕ್ಕಿ ಮಡಿವಾಳ. ಇದರ ಹೆಣ್ಣಿನಲ್ಲಿ ಕಪ್ಪಿನ ಬದಲು ಬೂದುಬಣ್ಣವಿರುತ್ತದೆ. ಗೋಡೆಯ ಬಿರುಕು, ಹಳೆಯ ಕೊಳವೆ, ಮರದ ಪೊಟರೆ ಇದರ ಗೂಡಿನ ಜಾಗಗಳು.

ಹೂಗಿಡ ಮತ್ತು ಹಣ್ಣಿನ ಮರಗಳಲ್ಲಿ

ದಾಸವಾಳ, ಬಾಳೆ, ನುಗ್ಗೆಯ ಹೂಗಳಿಗೆ ಬರುವ ಹೆಬ್ಬೆರಳು ಗಾತ್ರದ ಹಕ್ಕಿಗಳು ಸೂರಕ್ಕಿಗಳು. ಹಳದಿ ಹೊಟ್ಟೆಯದು ಒಂದು ಬಗೆ. ಬಿಸಿಲಿನಲ್ಲಿ ನೇರಳೆಯಾಗಿ ಮಿನುಗುವ ಪೂರ್ಣ ಕಪ್ಪಿನದು ಇನ್ನೊಂದು. ಈ ಎರಡನೆಯದರ ಗಂಡು ಸಂತಾನದ ಕಾಲ ಮುಗಿದ ಮೇಲೆ ಕಪ್ಪು ಬಣ್ಣವನ್ನು ಕಳೆದುಕೊಂಡು ಹೆಣ್ಣಿನಂತೆ ಮಾಸಲು ಹಳದಿಯಾಗುತ್ತದೆ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಜೇಡರಬಲೆ, ತೊಗಟೆಯ ಚೂರು, ಒಣ ಎಲೆಗಳನ್ನು ಸೇರಿಸಿ ನೇತಾಡುವ ಚೀಲದಂತೆ ಕಟ್ಟಿದ ಸೂರಕ್ಕಿಯ ಗೂಡು ಕಸವೆಂದೇ ತೋರುತ್ತದೆ. ವರಾಂಡದ ದೀಪದ ತಂತಿಗೂ, ಬಟ್ಟೆ ಒಣಗಿಸುವ ಹಗ್ಗಕ್ಕೂ ಅದು ತೂಗುಬಿದ್ದಿರುವುದುಂಟು. ಹಬ್ಬದ ಮುನ್ನ ಜೇಡರಬಲೆ ತೆಗೆಯುವಾಗ ಇಂತಹ ಗೂಡುಗಳು ತಿಳಿಯದೆಯೇ ನಾಶವಾಗುತ್ತವೆ. ಪಕ್ಕದಲ್ಲಿ ಸಣ್ಣ ದ್ವಾರವಿದೆಯೇ ಎಂದು ಒಮ್ಮೆ ನೋಡಿದರೆ ಸಾಕು.

ಸಿಂಪಿಗ ಹಕ್ಕಿಯು ಅಗಲವಾದ ಎಲೆಗಳ ಅಂಚನ್ನು ನಾರಿನಿಂದ ಹೊಲಿದು ಒಳಗೆ ಹತ್ತಿ ತುಂಬಿ ಗೂಡು ಮಾಡುತ್ತದೆ. ಇದನ್ನು ಟುವ್ವಿ ಎಂದೂ ಕರೆಯುವರು. ಮೈ ಹಸಿರು, ನೆತ್ತಿ ಇಟ್ಟಿಗೆ ಕೆಂಪು, ಬಾಲ ಸದಾ ಮೇಲಕ್ಕೆ. ಕುಂಡದಲ್ಲಿನ ಗಿಡದ ಎರಡು ಎಲೆ ಅಂಟಿಕೊಂಡಂತೆ ಕಂಡಾಗ ಹುಳು ಬಿದ್ದಿದೆಯೆಂದು ಕತ್ತರಿಸುವ ಮುನ್ನ ಒಳಗೆ ಇಣುಕುವುದು ಒಳ್ಳೆಯದು.

ಗಸಗಸೆ ಹಣ್ಣಿನ ಮರವು ನಗರದ ಹಕ್ಕಿಗಳ ದೊಡ್ಡ ಅನ್ನಛತ್ರ. ಬಾಲದ ಬುಡದಲ್ಲಿ ಕೆಂಪಿರುವ ಪಿಕಳಾರ, ಜುಟ್ಟು ಮತ್ತು ಕೆನ್ನೆಯ ಕೆಂಪಿನಿಂದ ಗುರುತಾಗುವ ಕೆಮ್ಮೀಸೆ ಪಿಕಳಾರ, ಕೋಗಿಲೆ, ಕುಟ್ರು ಹಕ್ಕಿ, ಗುಬ್ಬಚ್ಚಿಗಿಂತಲೂ ಚಿಕ್ಕದಾದ ಬದನಿಕೆ ಹಕ್ಕಿ ಒಂದೇ ಮರದಲ್ಲಿ ಕಾಣಸಿಗುತ್ತವೆ. ಬೇಸಿಗೆಯ ಮಧ್ಯಾಹ್ನ ಟುಕ್ ಟುಕ್ ಎಂದು ಒಂದೇ ಸಮನೆ ಕೇಳಿಬರುವುದು ಕಂಚುಗಾರ ಹಕ್ಕಿಯ ಕೂಗು. ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಈ ಹಸಿರು ಹಕ್ಕಿಯ ಹಣೆ ಮತ್ತು ಎದೆಯಲ್ಲಿ ಕೆಂಪು ಗುರುತಿದೆ. ಇದು ಒಣಗಿದ ಕೊಂಬೆಯ ಅಡಿಭಾಗದಲ್ಲಿ ಉರುಟಾದ ರಂಧ್ರ ಕೊರೆದು ಗೂಡು ಮಾಡುತ್ತದೆ. ಅರ್ಜಿಗಳಲ್ಲಿ "ಒಣ ಕೊಂಬೆ, ಉಪಯೋಗವಿಲ್ಲ" ಎಂದು ನಮೂದಾಗುವ ಕೊಂಬೆಗಳು ಇವೇ. ಕಂಚುಗಾರ ಹಕ್ಕಿ ಬಿಟ್ಟುಹೋದ ರಂಧ್ರಗಳನ್ನು ಇತರ ಸಣ್ಣ ಹಕ್ಕಿಗಳೂ ಬಳಸಿಕೊಳ್ಳುತ್ತವೆ.

ಆರೇಳರ ಗುಂಪಾಗಿ ತರಗೆಲೆ ಕೆದಕುತ್ತ ಗದ್ದಲವೆಬ್ಬಿಸುವ ಮಣ್ಣುಬಣ್ಣದ ಹಕ್ಕಿಗಳು ಹರಟೆಮಲ್ಲ. ಇವು ಒಮ್ಮೆಲೇ ಕಿರುಚತೊಡಗಿದಲ್ಲಿ ಸಮೀಪದಲ್ಲಿ ಬೆಕ್ಕು, ಬಿಜ್ಜು ಅಥವಾ ಹಾವು ಇದೆಯೆಂದು ತಿಳಿಯಬಹುದು.

ಇರುಳಿನ ಜೀವಿಗಳು

ಹಾಲಕ್ಕಿಯು ಗೊರವಂಕದಷ್ಟು ಗಾತ್ರದ, ಬಿಳಿ ಚುಕ್ಕೆಗಳ ಪುಟ್ಟ ಗೂಬೆ. ಮುಸ್ಸಂಜೆಯಲ್ಲಿ ಜೋಡಿಯಾಗಿ ಹೊರಬಂದು, ಮನುಷ್ಯರನ್ನು ಕಂಡಾಗ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಕಣಜ ಗೂಬೆಯ ಮುಖ ಬಿಳಿಯಾಗಿದ್ದು ಹೃದಯದ ಆಕಾರದಲ್ಲಿರುತ್ತದೆ. ಬಹುಮಹಡಿ ಕಟ್ಟಡಗಳ ಕೊಳವೆ ಸಂದುಗಳಲ್ಲಿಯೂ, ಹಳೆಯ ದೇವಾಲಯಗಳ ಗೋಪುರಗಳಲ್ಲಿಯೂ ಇದು ಮರಿ ಮಾಡುತ್ತದೆ. ಮರಿಗಳು ಹೆದರಿದಾಗ ಬುಸುಗುಟ್ಟುವುದರಿಂದ "ಗೋಡೆಯ ಸಂದಿನಲ್ಲಿ ಹಾವಿದೆ" ಎಂಬ ಕರೆಗಳು ಬರುವುದುಂಟು. ಗೂಬೆಯ ಕೂಗು ಅಪಶಕುನವೆಂಬುದಕ್ಕೆ ಯಾವುದೇ ಆಧಾರವಿಲ್ಲ. ಒಂದು ಜೋಡಿ ಕಣಜ ಗೂಬೆ ತನ್ನ ಮರಿಗಳಿಗಾಗಿ ಪ್ರತಿ ರಾತ್ರಿ ಹಲವು ಇಲಿಗಳನ್ನು ಹಿಡಿಯುತ್ತದೆ ಎಂಬುದು ಮಾತ್ರ ಕಣ್ಣಾರೆ ನೋಡಬಹುದಾದ ಸಂಗತಿ. ದೀಪಾವಳಿಯ ಆಸುಪಾಸಿನಲ್ಲಿ ಮಾಟ ಮಂತ್ರಕ್ಕಾಗಿ ಗೂಬೆಗಳನ್ನು ಹಿಡಿಯುವ ಪ್ರಯತ್ನಗಳು ನಡೆಯುವುದರಿಂದ ಅಂತಹ ಸುಳಿವು ದೊರೆತಲ್ಲಿ ಕೂಡಲೇ ತಿಳಿಸತಕ್ಕದ್ದು. ಕಾಡುಪಾಪದ ವಿಷಯದಲ್ಲಿಯೂ ಇದೇ ಮಾತು ಅನ್ವಯವಾಗುತ್ತದೆ. ಹಣ್ಣಿನ ಬಾವಲಿ, ಪುನುಗು ಬೆಕ್ಕು, ಮುಂಗುಸಿಗಳು ಅಂಗಳದ ಮೂಲಕ ಹಾದುಹೋದರೆ ಅವುಗಳನ್ನು ಹಿಡಿಸುವ ಅಗತ್ಯವಿಲ್ಲ. ಅವು ತಮ್ಮ ದಾರಿಯಲ್ಲಿವೆ.

ಚಳಿಗಾಲದ ಅತಿಥಿಗಳು

ಅಕ್ಟೋಬರ್ ತಿಂಗಳ ಸುಮಾರಿಗೆ ಉತ್ತರದಿಂದ ವಲಸೆ ಹಕ್ಕಿಗಳು ಬರತೊಡಗುತ್ತವೆ. ಬೂದು ಸಿಪಿಲೆ, ಎಲೆಗಳ ನಡುವೆ ಸುಳಿದಾಡುವ ಉಲಿಯಕ್ಕಿಗಳು, ಗುಂಪು ಗುಂಪಾಗಿ ಹಾರುವ ಗುಲಾಬಿ ಕಬ್ಬಕ್ಕಿಗಳು ಇವುಗಳಲ್ಲಿ ಸೇರಿವೆ. ಇವುಗಳೊಂದಿಗೆ ಬರುವ ನವರಂಗ ಹಕ್ಕಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಹಿಮಾಲಯದ ತಪ್ಪಲು ಹಾಗೂ ಮಧ್ಯ ಭಾರತದಲ್ಲಿ ಮರಿ ಮಾಡಿ ದಕ್ಷಿಣಕ್ಕೆ ಬರುವ ಈ ಮೋಟುಬಾಲದ ಹಕ್ಕಿಯ ಮೈಮೇಲೆ ಹಸಿರು, ನೀಲಿ, ಕೆಂಪು, ಕಪ್ಪು, ಬಿಳುಪು ಎಲ್ಲವೂ ಇವೆ. ರಾತ್ರಿ ಪ್ರಯಾಣಿಸಿ ದಣಿದು ಬೆಳಗಿನ ಹೊತ್ತಿಗೆ ಮನೆಯ ವರಾಂಡ, ಕಾರು ನಿಲ್ದಾಣ, ಶಾಲೆಯ ಆವರಣಗಳಲ್ಲಿ ಇಳಿದಿರುತ್ತದೆ. ಯಾರೋ ಸಾಕಿದ ವಿದೇಶಿ ಹಕ್ಕಿ ತಪ್ಪಿಸಿಕೊಂಡು ಬಂದಿದೆಯೆಂದು ಪಂಜರಕ್ಕೆ ಹಾಕುವುದು ತಪ್ಪು. ಗಾಯವಿಲ್ಲದಿದ್ದಲ್ಲಿ ಬೆಕ್ಕು ಕಾಗೆಗಳಿಂದ ದೂರವಾಗಿ ನೆರಳಿನಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೆಲವು ಗಂಟೆ ವಿಶ್ರಾಂತಿ ನೀಡಿ, ಪೊದೆಗಳಿರುವ ಸ್ಥಳದಲ್ಲಿ ಸಂಜೆ ಬಿಟ್ಟಲ್ಲಿ ಸಾಮಾನ್ಯವಾಗಿ ತಾನೇ ಹೊರಟುಹೋಗುತ್ತದೆ.

ನೆಲಕ್ಕೆ ಬಿದ್ದ ಮರಿ

ಇದು ಅತ್ಯಂತ ಎಚ್ಚರಿಕೆಯಿಂದ ನಿರ್ಧರಿಸಬೇಕಾದ ವಿಷಯ. ಮೊದಲು ಮರಿಯ ಹಂತವನ್ನು ತಿಳಿಯಬೇಕು.

ಮೈಮೇಲೆ ಪುಕ್ಕವಿಲ್ಲದೆ ಚರ್ಮ ಕಾಣುತ್ತಿದ್ದರೆ, ಕಣ್ಣು ಮುಚ್ಚಿದ್ದರೆ ಅಥವಾ ಪುಕ್ಕಗಳು ಇನ್ನೂ ಮುಳ್ಳಿನಂತಿದ್ದು ಮರಿಗೆ ನಿಲ್ಲಲಾಗದಿದ್ದರೆ ಅದು ಗೂಡಿನಲ್ಲಿರಬೇಕಾದ ಮರಿ. ಅದನ್ನು ಮೃದುವಾಗಿ ಎತ್ತಿ ಗೂಡಿಗೆ ಮರಳಿ ಇಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ವ್ಯಾಪಕವಾಗಿರುವ ತಪ್ಪು ಕಲ್ಪನೆ. ಹಕ್ಕಿಗಳು ಮರಿಯ ಕೂಗು ಮತ್ತು ತೆರೆದ ಬಾಯಿಯನ್ನು ಅನುಸರಿಸಿ ಉಣಿಸುತ್ತವೆಯೇ ಹೊರತು ವಾಸನೆ ಹಿಡಿದು ಮರಿಯನ್ನು ತೊರೆಯುವುದಿಲ್ಲ. ಗೂಡು ಹರಿದುಹೋಗಿದ್ದಲ್ಲಿ ತಳದಲ್ಲಿ ಸಣ್ಣ ತೂತುಗಳಿರುವ ಬುಟ್ಟಿ ಅಥವಾ ತೆಂಗಿನ ಚಿಪ್ಪಿಗೆ ಒಣಹುಲ್ಲು ಹಾಸಿ, ಹಳೆಯ ಗೂಡಿದ್ದ ಕೊಂಬೆಗೇ ಕಟ್ಟಿ ಅದರಲ್ಲಿ ಮರಿಯನ್ನಿಡಬಹುದು. ನಂತರ ದೂರ ಸರಿದು ಒಂದೆರಡು ಗಂಟೆ ಗಮನಿಸಬೇಕು. ಹತ್ತಿರದಲ್ಲಿ ನಿಂತು ಕಾಯುವವರಿದ್ದಲ್ಲಿ ತಾಯಿಹಕ್ಕಿ ಇಳಿಯುವುದಿಲ್ಲ. ತಾಯಿ ಬರುತ್ತಿಲ್ಲವೆಂಬ ತೀರ್ಮಾನಕ್ಕೆ ಹಲವು ವೇಳೆ ಇದೇ ಕಾರಣ.

ಮೈತುಂಬ ಪುಕ್ಕವಿದ್ದು, ಬಾಲ ಮಾತ್ರ ಮೋಟಾಗಿದ್ದು, ಕುಪ್ಪಳಿಸುವ ಮರಿಯು ಗೂಡು ಬಿಟ್ಟು ಹೊರಬಂದ ಮರಿ. ಪಿಕಳಾರ, ಗೊರವಂಕ, ಮಡಿವಾಳ ಮೊದಲಾದವುಗಳ ಮರಿಗಳು ಸರಿಯಾಗಿ ಹಾರಲು ಕಲಿಯುವ ಮುನ್ನವೇ ಗೂಡಿನಿಂದ ಇಳಿಯುತ್ತವೆ. ಪಿಕಳಾರದಲ್ಲಿ ಇದು ಮೊಟ್ಟೆಯೊಡೆದ ಸುಮಾರು ಎರಡು ವಾರಗಳಲ್ಲಿ ಆಗುತ್ತದೆ. ತಾಯ್ತಂದೆಯರು ನೆಲದಲ್ಲಿಯೇ, ಪೊದೆಯಲ್ಲಿಯೇ ಅವುಗಳಿಗೆ ಉಣಿಸುತ್ತವೆ. ಇಂತಹ ಮರಿಯನ್ನು ಮನೆಯೊಳಗೆ ತರಬಾರದು, ಗೂಡಿಗೂ ಮರಳಿಸಬೇಕಾಗಿಲ್ಲ. ರಸ್ತೆಯ ಮೇಲಿದ್ದಲ್ಲಿ ಪಕ್ಕದ ಗಿಡದ ಮೇಲೆ ಕೂರಿಸಿ, ಸಾಕಿದ ಬೆಕ್ಕು ನಾಯಿಗಳನ್ನು ಎರಡು ಮೂರು ದಿನ ಒಳಗೆ ಕಟ್ಟಿಹಾಕುವುದೇ ಮಾಡಬೇಕಾದ ಕೆಲಸ. ಬಿಳಿಯ ತುಪ್ಪುಳದ ಗೂಬೆಮರಿ, ಹದ್ದಿನ ಮರಿ ಮತ್ತು ಎತ್ತರದ ಗೂಡುಗಳಿಂದ ಬಿದ್ದ ಮರಿಗಳ ವಿಷಯದಲ್ಲಿ ಮಾತ್ರ ತಾವಾಗಿ ಹತ್ತುವ ಸಾಹಸ ಮಾಡದೆ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

ಒಂದು ವಿನಾಯಿತಿ ಇದೆ. ಕುಡುಗೋಲಿನ ಆಕಾರದ ಉದ್ದ ರೆಕ್ಕೆ, ಬಹಳ ಪುಟ್ಟ ಕಾಲುಗಳಿರುವ ಬಾನಾಡಿ ಹಕ್ಕಿಯು ಪ್ರೌಢವಾಗಿದ್ದರೂ ಸಮತಟ್ಟಾದ ನೆಲದಿಂದ ಮೇಲೇಳಲು ಕಷ್ಟಪಡುತ್ತದೆ. ಗಾಯವಿಲ್ಲದಿದ್ದಲ್ಲಿ ಎತ್ತರದ ಸ್ಥಳದಲ್ಲಿ ಅಂಗೈ ಮೇಲೆ ಇಟ್ಟು ಹಿಡಿದರೆ ತಾನಾಗಿ ಹಾರುತ್ತದೆ, ಮೇಲಕ್ಕೆ ಎಸೆಯಬಾರದು.

ಗಾಯಗೊಂಡ ಹಕ್ಕಿ

ರೆಕ್ಕೆ ಜೋತುಬಿದ್ದಿರುವುದು, ರಕ್ತಸ್ರಾವ, ಬೆಕ್ಕಿನ ಕಚ್ಚುವಿಕೆ, ಗಾಳಿಪಟದ ದಾರದಲ್ಲಿ ಸಿಲುಕಿರುವುದು ಇವು ಕೂಡಲೇ ನೆರವು ಬೇಕಾದ ಸಂದರ್ಭಗಳು. ಬೆಕ್ಕು ಹಿಡಿದ ಹಕ್ಕಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಹಲ್ಲಿನ ನಂಜಿನಿಂದ ಸಾಯುವ ಸಂಭವವಿರುವುದರಿಂದ ಚಿಕಿತ್ಸೆ ಅಗತ್ಯ. ನೈಲಾನ್ ಮತ್ತು ಇತರ ಕೃತಕ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಮರದಲ್ಲಿ ಉಳಿದ ದಾರದ ತುಂಡುಗಳು ಗಾಳಿಪಟದ ಕಾಲ ಮುಗಿದ ಮೇಲೂ ಹದ್ದುಗಳ ರೆಕ್ಕೆಯನ್ನು ಕೊಯ್ಯುತ್ತವೆ.

ಹಕ್ಕಿಯ ಮೇಲೆ ಹತ್ತಿಬಟ್ಟೆಯನ್ನು ಹೊದಿಸಿ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲೆ ಹಾಗೂ ನಿಶ್ಶಬ್ದದ ಜಾಗದಲ್ಲಿರಿಸಬೇಕು. ಬಾಯಿಗೆ ನೀರು ಹನಿಸಬಾರದು. ನೀರು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯುತ್ತದೆ. ಹಾಲು, ಬ್ರೆಡ್, ಅನ್ನ ಕೊಡಬಾರದು. ಬೇಟೆಹಕ್ಕಿಗಳ ವಿಷಯದಲ್ಲಿ ಕೊಕ್ಕಿಗಿಂತ ಉಗುರುಗಳು ಅಪಾಯಕಾರಿ. ಬಾವಲಿ, ಕೋತಿ, ಮುಂಗುಸಿಗಳನ್ನು ಬರಿಗೈಯಿಂದ ಮುಟ್ಟಲೇಬಾರದು. ಕಚ್ಚಿದಲ್ಲಿ ಗಾಯವನ್ನು ಸಾಬೂನಿನಿಂದ ತೊಳೆದು ರೇಬೀಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಬೇಕು. ಒಂದೇ ಸ್ಥಳದಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿದ್ದಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೂ ತಿಳಿಸುವುದು ಅವಶ್ಯ.

ಹಾವುಗಳು

ಕೈತೋಟದಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಹಾವು ಕೇರೆ. ಇದಕ್ಕೆ ವಿಷವಿಲ್ಲ. ಕಣ್ಣು ದೊಡ್ಡದು, ತುಟಿಯ ಅಂಚಿನಲ್ಲಿ ಕಪ್ಪು ಗೆರೆಗಳು, ಬಾಲ ಉದ್ದ. ಮನುಷ್ಯರನ್ನು ಕಂಡೊಡನೆ ವೇಗವಾಗಿ ಓಡುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಇವು ನಾಲ್ಕು ಪ್ರಮುಖ ವಿಷದ ಹಾವುಗಳು. ಕಟ್ಟುಹಾವನ್ನು ಹೋಲುವ ತೋಳಹಾವು ವಿಷರಹಿತವಾದುದು. ಆದರೆ ಪಟ್ಟೆಗಳನ್ನು ಪರೀಕ್ಷಿಸಲು ಹತ್ತಿರ ಹೋಗುವುದು ಯಾವ ಕಾರಣಕ್ಕೂ ಸಲ್ಲದು. ಹಕ್ಕಿಗಳ ವಿಷಯದಲ್ಲಿ ಹೇಳಿದ ಗುರುತಿಸುವಿಕೆ ಇಲ್ಲಿ ಹತ್ತು ಅಡಿ ದೂರದಿಂದ ಮಾತ್ರ. ಹಾವು ತೋಟದಿಂದ ಹೊರಹೋಗುತ್ತಿದ್ದರೆ ಹೋಗಲು ಬಿಡಬೇಕು. ಮನೆಯೊಳಗೆ ಬಂದಿದ್ದಲ್ಲಿ ಕಣ್ಣಿಟ್ಟು, ಕಚೇರಿಗೆ ಕರೆ ಮಾಡಬೇಕು. ಕಚ್ಚಿದಲ್ಲಿ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದಿಗಾಗಿ ಕಾಲಹರಣ ಮಾಡುವುದು ಪ್ರಾಣಾಪಾಯಕ್ಕೆ ದಾರಿ. ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಕರ್ನಾಟಕದಲ್ಲಿ ಹಾವು ಕಡಿತವನ್ನು 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಲಾಗಿದ್ದು, ಆಸ್ಪತ್ರೆಗಳು ಅಂತಹ ಪ್ರಕರಣಗಳನ್ನು ವರದಿ ಮಾಡಬೇಕಾಗಿದೆ.

ಕಾನೂನಿನ ಉ‍ಪಬಂಧಗಳು

ಅಂಗಳದಲ್ಲಿ ಕಾಣುವ ದೇಶೀಯ ಹಕ್ಕಿಗಳಲ್ಲಿ ಹೆಚ್ಚಿನವು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿಗಳಲ್ಲಿ ಸೇರಿವೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅನುಸೂಚಿಗಳ ಸಂಖ್ಯೆ ಆರರಿಂದ ನಾಲ್ಕಕ್ಕೆ ಇಳಿದಿದೆ. ಕಾಗೆ, ಹಣ್ಣಿನ ಬಾವಲಿ, ಇಲಿ, ಹೆಗ್ಗಣಗಳನ್ನು ಉಪದ್ರವಕಾರಿಗಳೆಂದು ಪಟ್ಟಿ ಮಾಡಿದ್ದ ಹಿಂದಿನ ಐದನೆಯ ಅನುಸೂಚಿ ಈಗ ಇಲ್ಲ.

ಅಧಿನಿಯಮದಲ್ಲಿ ಬೇಟೆ ಎಂಬ ಪದಕ್ಕೆ ಕೊಲ್ಲುವುದು ಎಂಬ ಅರ್ಥ ಮಾತ್ರವಿಲ್ಲ. ಹಿಡಿಯುವುದು, ಬಲೆಗೆ ಕೆಡಹುವುದು, ಗಾಯಗೊಳಿಸುವುದು, ಅಷ್ಟೇ ಅಲ್ಲದೆ ಕಾಡುಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆಗಳಿಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡುಗಳಿಗೆ ತೊಂದರೆ ಉಂಟುಮಾಡುವುದು ಸಹ ಬೇಟೆಯೇ. ಅಪರಾಧ ಸಾಬೀತಾದಲ್ಲಿ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷಗಳ ಶಿಕ್ಷೆಯಿದೆ. ರಾಷ್ಟ್ರಪಕ್ಷಿಯಾದ ನವಿಲು ಈ ಅನುಸೂಚಿಯಲ್ಲಿದೆ. ನವಿಲಿನಿಂದ ಸಹಜವಾಗಿ ಉದುರಿದ ಬಾಲದ ಗರಿಯನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ.

ಗಿಳಿ, ರಾಟವಾಳ, ಗೊರವಂಕ ಮುಂತಾದ ದೇಶೀಯ ಹಕ್ಕಿಗಳನ್ನು ಪಂಜರದಲ್ಲಿಟ್ಟು ಸಾಕುವುದು, ಮಾರುವುದು, ಕೊಳ್ಳುವುದು ನಿಷಿದ್ಧ. ಮನೆಯಲ್ಲಿ ಹಲವು ವರ್ಷಗಳಿಂದ ಪ್ರೀತಿಯಿಂದ ಸಾಕಲಾಗಿದೆ ಎಂಬುದು ಕಾನೂನಿನಲ್ಲಿ ಸಮರ್ಥನೆಯಾಗುವುದಿಲ್ಲ. ಇಂತಹ ಹಕ್ಕಿಯನ್ನು ಒಮ್ಮೆಲೇ ಹೊರಗೆ ಬಿಟ್ಟಲ್ಲಿ ಅದು ಬದುಕುವುದು ಕಷ್ಟ. ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ನಾಲ್ಕನೆಯ ಅನುಸೂಚಿಯಲ್ಲಿರುವ ವಿದೇಶಿ ಹಕ್ಕಿಗಳನ್ನು ಸಾಕಿರುವವರು 2024ರ ನಿಯಮಗಳಂತೆ ಪರಿವೇಶ್ ಅಂತರ್ಜಾಲ ತಾಣದಲ್ಲಿ ನೋಂದಾಯಿಸತಕ್ಕದ್ದು.

ಗಾಯಗೊಂಡ ಅಥವಾ ಸತ್ತ ವನ್ಯಜೀವಿಯನ್ನು ವಶಕ್ಕೆ ತೆಗೆದುಕೊಂಡವರಿಗೆ ಮುಖ್ಯವಾದ ಒಂದು ಉಪಬಂಧವಿದೆ. ಅಧಿನಿಯಮದ 39ನೆಯ ಕಲಮಿನ ಪ್ರಕಾರ ಸರ್ಕಾರದ ಸ್ವತ್ತಾಗಿರುವ ವನ್ಯಜೀವಿಯು ಯಾವುದೇ ರೀತಿಯಲ್ಲಿ ಯಾರ ವಶಕ್ಕೆ ಬಂದರೂ, ಅವರು 48 ಗಂಟೆಗಳೊಳಗಾಗಿ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು. ಸದುದ್ದೇಶದಿಂದ ಹಕ್ಕಿಯನ್ನು ಎತ್ತಿಕೊಂಡವರು ಕರೆ ಮಾಡಿದ ದಿನಾಂಕ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳುವುದು ಅವರ ಹಿತದೃಷ್ಟಿಯಿಂದ ಒಳ್ಳೆಯದು.

ಗೂಡಿರುವ ಮರವನ್ನು ಕಡಿಯಲು ಅರ್ಜಿ

ಖಾಸಗಿ ನಿವೇಶನದಲ್ಲಿರುವ ಮರವಾದರೂ, ವಿನಾಯಿತಿ ಪಡೆದ ಜಾತಿಗಳ ಹೊರತು, ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಆಯಾ ವ್ಯಾಪ್ತಿಯ ವೃಕ್ಷ ಅಧಿಕಾರಿಯವರ ಪೂರ್ವಾನುಮತಿ ಅಗತ್ಯ. ಅರ್ಜಿಯಲ್ಲಿ ಸ್ವತ್ತಿನ ವಿವರ, ಮರದ ಜಾತಿ, ಸುತ್ತಳತೆ, ಇರುವ ಸ್ಥಳ, ಕಡಿಯಬೇಕಾದ ಕಾರಣ ಮತ್ತು ಛಾಯಾಚಿತ್ರಗಳನ್ನು ನೀಡುವುದರೊಂದಿಗೆ ಗೂಡು, ಪೊಟರೆ ಅಥವಾ ಕೊರೆದ ರಂಧ್ರಗಳಿದ್ದಲ್ಲಿ ಅದನ್ನೂ ನಮೂದಿಸಬೇಕು. ಗೂಡಿನ ವಿಷಯವನ್ನು ಮುಚ್ಚಿಟ್ಟು ಪಡೆದ ಅನುಮತಿಯು ವನ್ಯಜೀವಿ ಅಧಿನಿಯಮದ ಅಡಿಯ ಹೊಣೆಯಿಂದ ಅರ್ಜಿದಾರರನ್ನು ಪಾರುಮಾಡುವುದಿಲ್ಲ.

ಗೂಡು ಕಂಡುಬಂದ ಮಾತ್ರಕ್ಕೆ ಕೆಲಸ ವರ್ಷಗಟ್ಟಲೆ ನಿಲ್ಲುವುದೆಂಬ ಭಯಕ್ಕೆ ಕಾರಣವಿಲ್ಲ. ಪಿಕಳಾರ, ಸಿಂಪಿಗ, ಸೂರಕ್ಕಿಯಂತಹ ಸಣ್ಣ ಹಕ್ಕಿಗಳಲ್ಲಿ ಮೊಟ್ಟೆಯಿಟ್ಟಂದಿನಿಂದ ಮರಿ ಹೊರಬರುವವರೆಗೆ ಸುಮಾರು ನಾಲ್ಕು ವಾರಗಳು ಸಾಕು. ಕಾಗೆಗೆ ಸುಮಾರು ಒಂದೂವರೆ ತಿಂಗಳು, ಹದ್ದಿಗೆ ಎರಡು ತಿಂಗಳಿಗೂ ಹೆಚ್ಚು ಬೇಕು. ಹಕ್ಕಿಯನ್ನು ಸರಿಯಾಗಿ ಗುರುತಿಸಿದಲ್ಲಿ ಎಷ್ಟು ದಿನ ಕಾಯಬೇಕೆಂಬುದನ್ನು ಅರ್ಜಿದಾರರೇ ಲೆಕ್ಕ ಹಾಕಬಹುದು. ದಕ್ಷಿಣ ಕರ್ನಾಟಕದಲ್ಲಿ ಅಂಗಳದ ಹಲವು ಹಕ್ಕಿಗಳು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮರಿ ಮಾಡುವುದರಿಂದ, ತುರ್ತಿಲ್ಲದ ಕೊಂಬೆ ಸವರುವ ಕೆಲಸವನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳುವುದು ಸೂಕ್ತ. ಸೂರಕ್ಕಿ ಮತ್ತು ಸಿಂಪಿಗಗಳು ವರ್ಷದ ಬಹುಭಾಗ ಗೂಡು ಕಟ್ಟುತ್ತಿರುವುದರಿಂದ ಆಗಲೂ ಒಮ್ಮೆ ನೋಡಿಕೊಳ್ಳಬೇಕು.

ನೀರು, ಆಹಾರ ಮತ್ತು ದಾಖಲೆ

ಬೇಸಿಗೆಯಲ್ಲಿ ನೀರಿಡುವವರು ಎರಡು ಮೂರು ಸೆಂ.ಮೀ. ಆಳದ ಮಣ್ಣಿನ ತಟ್ಟೆಯನ್ನು ಬಳಸಿ ಪ್ರತಿದಿನ ಉಜ್ಜಿ ತೊಳೆಯಬೇಕು. ನಿಂತ ನೀರು ಡೆಂಗ್ಯೂ ಸೊಳ್ಳೆಗೆ ಅನುಕೂಲ. ಉಪ್ಪು ಎಣ್ಣೆ ಬೆರೆತ ಆಹಾರಕ್ಕಿಂತ ಹಣ್ಣು ಹೂಗಳ ಗಿಡಗಳೇ ಲೇಸು. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಗಣತಿಯಲ್ಲಿ ಭಾರತವು 2013ರಿಂದ ಪಾಲ್ಗೊಳ್ಳುತ್ತಿದ್ದು, ತಮ್ಮ ಮನೆಯಂಗಳದಲ್ಲಿ 15 ನಿಮಿಷ ಕುಳಿತು ಕಂಡ ಹಕ್ಕಿಗಳ ಪಟ್ಟಿಯನ್ನು ಯಾರು ಬೇಕಾದರೂ ಸಲ್ಲಿಸಬಹುದು.

ವನ್ಯಜೀವಿಗಳ ರಕ್ಷಣೆ ಹಾಗೂ ದೂರುಗಳಿಗೆ ಅರಣ್ಯ ಸಹಾಯವಾಣಿ 1926, ಜೀವಾಪಾಯದ ತುರ್ತು ಸಂದರ್ಭಗಳಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವವರು ಸ್ಥಳದ ಪೂರ್ಣ ವಿಳಾಸ ಮತ್ತು ಹತ್ತಿರದ ಗುರುತು, ಹಕ್ಕಿ ಅಥವಾ ಪ್ರಾಣಿಯ ಗಾತ್ರ ಮತ್ತು ಲಕ್ಷಣ, ಮರಿಯಾಗಿದ್ದಲ್ಲಿ ಪುಕ್ಕ ಬಂದಿದೆಯೇ ಎಂಬುದು, ಗಾಯದ ಸ್ವರೂಪ ಹಾಗೂ ಮೊದಲು ಕಂಡ ಸಮಯ ಇವುಗಳನ್ನು ತಿಳಿಸತಕ್ಕದ್ದು. ಸಿಬ್ಬಂದಿ ತಲುಪುವವರೆಗೆ ಜನರು ಗುಂಪುಗೂಡದಂತೆ ನೋಡಿಕೊಳ್ಳಬೇಕಾಗಿ ಕೋರಲಾಗಿದೆ.